ಜಿಲೇಬಿ, ಹಾವುರಾಣಿ ಮತ್ತು ಐದು ಮಂದಿ ತಿಪ್ಪೇಸ್ವಾಮಿಗಳು

ಮಗುವಿಗೆ ಹೆಸರಿಡುವುದೆಂದರೆ ನಮ್ಮ ಕಡೆ ಸಣ್ಣ ಗದ್ದಲವಲ್ಲ. ಪಂಚಾಂಗ ತೆಗೆಯಬೇಕು, ನಕ್ಷತ್ರ ನೋಡಬೇಕು, ಪಾದಕ್ಕೆ ತಕ್ಕ ಅಕ್ಷರ ಹುಡುಕಬೇಕು. ತಾತನ ಹೆಸರು ಬಿಟ್ಟರೆ ತಾತ ಮುನಿಯುತ್ತಾನೆ, ಮನೆದೇವರ ಹೆಸರು ಬಿಟ್ಟರೆ ದೇವರು ಮುನಿಯುತ್ತಾನೆ, ಸೋದರತ್ತೆ ಹೇಳಿದ್ದನ್ನು ಬಿಟ್ಟರೆ ಆಕೆ ಮುಂದಿನ ಮೂರು ಹಬ್ಬಕ್ಕೆ ಬರುವುದಿಲ್ಲ. ಇಷ್ಟೆಲ್ಲ ಆಗಿ ಎಲ್ಲರನ್ನೂ ಸಮಾಧಾನಪಡಿಸುವ ನಾಲ್ಕು ಮೊಳದ ಹೆಸರೊಂದು ಗೊತ್ತಾದ ಮೇಲೆ, ಮಗುವನ್ನು ಓಣಿಯವರೆಲ್ಲ ಕರೆಯುವುದು ‘ಪುಟ್ಟ’ ಎಂದೇ.

ಮೀನಿಗೆ ಈ ರಗಳೆಯಿಲ್ಲ. ಹಕ್ಕಿಗಿಲ್ಲ, ಹುಳಕ್ಕಿಲ್ಲ, ಬೇಲಿಸಾಲಿನ ಕಳೆಗಿಡಕ್ಕಂತೂ ಇಲ್ಲವೇ ಇಲ್ಲ. ಅವಕ್ಕೆ ಯಾರೂ ತೊಟ್ಟಿಲು ಕಟ್ಟಿಲ್ಲ, ಕಿವಿಯಲ್ಲಿ ಮೂರು ಸಲ ಹೆಸರು ಉಸುರಿಲ್ಲ. ಆದರೂ ಎಲ್ಲಕ್ಕೂ ಹೆಸರಿದೆ. ಇಟ್ಟವರು ಯಾರು, ಇಡುವಾಗ ಅವರ ತಲೆಯಲ್ಲಿ ಏನಿತ್ತು ಎಂದು ಯೋಚಿಸುತ್ತ ಕೂತರೆ ಹಿರಿಯೂರಿನಿಂದ ಹೊಸದುರ್ಗದ ತನಕದ ಬಸ್ ಪ್ರಯಾಣ ಹೇಗೆ ಮುಗಿಯಿತೆಂದೇ ತಿಳಿಯುವುದಿಲ್ಲ.

ಉತ್ತರದ ಒಂದು ತುದಿ ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿದೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಕೃಪೆಯಿಂದ ಚಿತ್ರದುರ್ಗ ಜಿಲ್ಲೆಯ ಯಾವ ತರಗತಿಯಲ್ಲೂ ತಿಪ್ಪೇಸ್ವಾಮಿಗಳಿಗೆ ಬರವಿಲ್ಲ. ಮಳೆ ಕೈಕೊಟ್ಟರೂ ಅವರು ಕೈಕೊಡುವವರಲ್ಲ. ಒಂದೇ ತರಗತಿಯಲ್ಲಿ ಐದು ಮಂದಿ ತಿಪ್ಪೇಸ್ವಾಮಿಗಳಿದ್ದಾಗ ಮೇಷ್ಟ್ರು ಇನಿಶಿಯಲ್ಲಿನ ಮೊರೆಹೋಗುತ್ತಾರೆ. ಹುಡುಗರಿಗೆ ಆ ಕಷ್ಟವೇ ಇಲ್ಲ. ಉದ್ದ ತಿಪ್ಪೇಸ್ವಾಮಿ, ಕನ್ನಡಕದ ತಿಪ್ಪೇಸ್ವಾಮಿ, ಹಿಟ್ಟಿನ ಗಿರಣಿ ತಿಪ್ಪೇಸ್ವಾಮಿ, ಗೊರಕೆ ತಿಪ್ಪೇಸ್ವಾಮಿ, ಹಟ್ಟಿ ತಿಪ್ಪೇಸ್ವಾಮಿ. ಇದಕ್ಕಾಗಿ ಯಾರೂ ಸಭೆ ಸೇರಿಲ್ಲ. ರೂಪ, ಕಸುಬು, ದನಿ, ಊರು ಇವುಗಳಲ್ಲಿ ಯಾವುದು ಮೊದಲು ಕಣ್ಣಿಗೋ ಕಿವಿಗೋ ಬಿತ್ತೋ ಅದೇ ಹೆಸರು. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1753ರಲ್ಲಿ ಗಿಡಗಳಿಗೂ 1758ರಲ್ಲಿ ಪ್ರಾಣಿಗಳಿಗೂ ಎರಡೆರಡು ಪದದ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿ ಜಗತ್ಪ್ರಸಿದ್ಧನಾದ. ಒಂದು ಪದ ಕುಲಕ್ಕೆ, ಇನ್ನೊಂದು ಪದ ಆ ಕುಲದೊಳಗಿನ ಒಬ್ಬನಿಗೆ. ನಮ್ಮ ಹುಡುಗರು ಮಾಡಿದ್ದೂ ಅದನ್ನೇ. ಲ್ಯಾಟಿನ್ ಬರುತ್ತಿರಲಿಲ್ಲ, ಅಷ್ಟೆ.

ಮೀನಿನ ಮಾತಿಗೆ ಬರೋಣ. ಬಯಲುಸೀಮೆಯವನಿಗೆ ಮೀನಿನ ಮಾತೇಕೆ ಎಂದು ಕರಾವಳಿಯವರು ನಗಬಹುದು. ಭೂತಾಯಿ, ಬಂಗುಡೆ, ಅಂಜಲ್ ಎಂದು ಬೆಳಗಿನ ಹೊತ್ತು ಮಂತ್ರದಂತೆ ಹೇಳುವವರ ಮುಂದೆ ನಾವು ಬಾಯಿ ಬಿಡುವುದು ಕಷ್ಟವೇ. ಆದರೆ ನಮಗೂ ಒಂದು ಸಾಗರವಿದೆ. ಅದೂ ಎರಡು ಹೆಸರಿನ ಸಾಗರ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಅಣೆಕಟ್ಟೆಗೆ ಮೈಸೂರು ಸರ್ಕಾರ ಇಟ್ಟ ಹೆಸರು ವಾಣಿವಿಲಾಸ ಸಾಗರ. ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ, ಮಗ ಚಿಕ್ಕವನಿದ್ದಾಗ ರಾಜ್ಯ ನೋಡಿಕೊಂಡ ಕೆಂಪನಂಜಮ್ಮಣ್ಣಿಯವರ ಬಿರುದು ಅದು. ಜನ ಗೌರವದಿಂದ ಆ ಹೆಸರನ್ನು ಫಲಕದ ಮೇಲೆ ಬಿಟ್ಟು, ತಾವು ಮಾತ್ರ ಮಾರಿಕಣಿವೆ ಎನ್ನುತ್ತ ಬಂದರು. ಕಣಿವೆ ಮಾರಮ್ಮ ಅಲ್ಲಿ ಅಣೆಕಟ್ಟೆಗಿಂತ ಮೊದಲೇ ಕೂತಿದ್ದಳು, ರಾಣಿಗಿಂತ ಸೀನಿಯರ್. ನದಿಯ ಕಥೆಯೂ ಅಷ್ಟೆ. ಮೇಲೆ ವೇದಾವತಿ ಎಂದು ಮಡಿಯಲ್ಲಿ ಹರಿದುಬಂದದ್ದು ಕೆಳಗೆ ಬಳ್ಳಾರಿಯ ಕಡೆ ಹೋಗುವಷ್ಟರಲ್ಲಿ ಹಗರಿ ಆಗಿರುತ್ತದೆ. ನದಿ, ಅಣೆಕಟ್ಟೆ ಎರಡೂ ಹೀಗೆ ಮನೆಯಲ್ಲೊಂದು, ದಾಖಲೆಯಲ್ಲೊಂದು ಹೆಸರಿಟ್ಟುಕೊಂಡಿರುವಾಗ ಅದರೊಳಗಿನ ಮೀನು ಒಂದೇ ಹೆಸರಿಗೆ ಕಟ್ಟುಬಿದ್ದೀತೆ?

ಈ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ ಎಂಬತ್ತೊಂಬತ್ತು ವರ್ಷ. ಆಗ ಜಿಲ್ಲೆಗೆ ಜಿಲ್ಲೆಯೇ ಬಂದು ನಿಂತು ನೀರು ನೋಡಿತು. ಬಂದವರು ನೀರನ್ನು ಮಾತ್ರ ನೋಡಿ ಹೋಗುತ್ತಾರೆಯೇ, ಮೀನನ್ನೂ ವಿಚಾರಿಸಿದರು. ಸಂತೆಯಲ್ಲಿ ತಕ್ಕಡಿ ಹಿಡಿದು ಕೂತ ಅಕ್ಕನೊಬ್ಬಳನ್ನು ನಾನೂ ವಿಚಾರಿಸಿದ್ದುಂಟು.

“ಇದೇನಕ್ಕಾ?”

“ಕಾಟ್ಲ ಕಣಣ್ಣ.”

“ಇದು?”

“ರೋವು.”

“ಆ ಚಪ್ಪಟೇದು?”

“ಅದು ಜಿಲೇಬಿ. ಮುಳ್ಳು ಜಾಸ್ತಿ ಐತೆ, ರುಚಿ ಚೆನ್ನಾಗೈತೆ. ಎಷ್ಟ್ ಹಾಕ್ಲಿ?”

“ಇವೆಲ್ಲ ನಮ್ಮೂರ ಮೀನೇನಾ?”

“ನಮ್ಮೂರ ನೀರಾಗೆ ಬೆಳದ್ ಮ್ಯಾಲೆ ನಮ್ಮೂರವೇ ಅಲ್ವೇನಣ್ಣ? ತಗಳಂಗಿದ್ರೆ ಏಳು.”

ಪೌರತ್ವದ ಬಗ್ಗೆ ಇದಕ್ಕಿಂತ ಚುಟುಕಾದ ತೀರ್ಪು ನಾನು ಕೇಳಿಲ್ಲ. ಆದರೂ ಆ ತಕ್ಕಡಿಯಲ್ಲಿದ್ದ ಮೂರು ಹೆಸರುಗಳೂ ಬಹಳ ದೂರದಿಂದ ಬಂದವು. ಒಂದೊಂದರ ಜಾತಕ ಒಂದೊಂದು ಥರ.

ಮೊದಲು ಕಾಟ್ಲ ಮತ್ತು ರೋಹು. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನೇನಿದೆ ಎಂದು ಲೆಕ್ಕ ಹಾಕಲು ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ಸ್ಕಾಟಿಷ್ ವೈದ್ಯನನ್ನು ಕಳಿಸಿದ. ಹೆಸರು ಫ್ರಾನ್ಸಿಸ್ ಬುಕಾನನ್. 1800-01ರಲ್ಲಿ ಆತ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಎಲ್ಲ ಸುತ್ತಿ, ತಿರುಗಿ ಬರುವಾಗ ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು ದಾಟಿಕೊಂಡು ಹೋದ. ಯಾವ ಊರಲ್ಲಿ ಯಾವ ಬೆಳೆ, ಯಾರು ಕಂಬಳಿ ನೇಯುತ್ತಾರೆ, ಕುರಿಗೆ ಏನು ರೋಗ, ಯಾವ ಮಣ್ಣಿಗೆ ಏನೆನ್ನುತ್ತಾರೆ, ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡ. ಇಷ್ಟು ಪ್ರಶ್ನೆ ಕೇಳುವ ಮನುಷ್ಯನನ್ನು ನಮ್ಮ ಗೌಡರು, ಶಾನುಭೋಗರು ಹೇಗೆ ಸಹಿಸಿದರೋ! ಕಂದಾಯ ಹೆಚ್ಚಿಸಲು ಬಂದವನೇ ಇರಬೇಕೆಂದು ಬೆಳೆಯನ್ನು ಅರ್ಧಕ್ಕರ್ಧ ಇಳಿಸಿ ಹೇಳಿರುವ ಸಂಭವವೂ ಇಲ್ಲದಿಲ್ಲ.

ಮುಂದೆ ಅದೇ ಬುಕಾನನ್ ಬಂಗಾಳದಲ್ಲಿ ಕೆಲಸ ಮಾಡುವಾಗ ಗಂಗೆಯ ಮೀನುಗಳ ಬೆನ್ನುಹತ್ತಿದ. 1822ರಲ್ಲಿ ಅವನ ದೊಡ್ಡ ಪುಸ್ತಕ ಹೊರಬಂತು. ಅದರಲ್ಲಿ ಅವನು ಮಾಡಿದ ಜಾಣತನವೆಂದರೆ, ಹೊಸ ಮೀನಿಗೆ ಲ್ಯಾಟಿನ್ ನಿಘಂಟು ತಡಕಾಡುವ ಬದಲು ದಡದಲ್ಲಿ ಬಲೆ ಒಣಗಿಸುತ್ತ ಕೂತವರು ಏನೆನ್ನುತ್ತಾರೋ ಅದನ್ನೇ ಶಾಸ್ತ್ರದ ಹೆಸರಿನ ಬಾಲಕ್ಕೆ ಕಟ್ಟಿದ್ದು. ಅವರು ಕಾತ್ಲಾ ಎಂದರು, ಇವನು ‘ಕಾಟ್ಲ’ ಎಂದು ಬರೆದ. ರೋಹಿತ, ಮೃಗಾಲ, ಕಾಲ್‌ಬಸು ಎಲ್ಲ ಹೀಗೆ ಬಂದವು. ಹಾಗಾಗಿ ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಸೀಸೆಯೊಳಗೆ ಕೂತ ರೋಹು ಕೂಡ ‘ಲೇಬಿಯೊ ರೋಹಿತ’. ಕಾಟ್ಲವನ್ನಂತೂ ಮುಂದಿನವರು ‘ಕಾಟ್ಲ ಕಾಟ್ಲ’ ಎಂದು ಎರಡೆರಡು ಸಲ ಕರೆದುಬಿಟ್ಟರು. ಸಸ್ಯಶಾಸ್ತ್ರದಲ್ಲಿ ಹೀಗೆ ಒಂದೇ ಪದ ಎರಡು ಸಲ ಬರಕೂಡದೆಂದು ನಿಯಮವಿದೆ. ಪ್ರಾಣಿಶಾಸ್ತ್ರದಲ್ಲಿ ಅಡ್ಡಿಯಿಲ್ಲ. ಇದೂ ಸಾಲದೆಂಬಂತೆ ಈಚಿನವರು ಅದನ್ನು ಲೇಬಿಯೊ ಕುಲಕ್ಕೆ ಸೇರಿಸಿ ‘ಲೇಬಿಯೊ ಕಾಟ್ಲ’ ಎನ್ನುತ್ತಿದ್ದಾರೆ. ಪಂಡಿತರು ಇಟ್ಟ ಮುಂದಿನ ಪದ ಬದಲಾಗುತ್ತಲೇ ಇದೆ, ಬೆಸ್ತರು ಕೊಟ್ಟ ಹಿಂದಿನ ಪದ ಅಲುಗಿಲ್ಲ.

ಇನ್ನೊಂದು ತಮಾಷೆ. ಇಷ್ಟೊಂದು ಜೀವಿಗಳಿಗೆ ಹೆಸರಿಟ್ಟ ಬುಕಾನನ್ ತಾನೇ ಹೆಸರು ಬದಲಿಸಿಕೊಂಡ. ತಾಯಿಯ ಕಡೆಯ ಆಸ್ತಿ ಬಂದಾಗ ಆಕೆಯ ಮನೆತನದ ಹೆಸರನ್ನೂ ಹೊತ್ತುಕೊಂಡು ಹ್ಯಾಮಿಲ್ಟನ್ ಆದ. ನಮ್ಮಲ್ಲಿ ನಡೆದ ತಿರುಗಾಟ ಬುಕಾನನ್ ಹೆಸರಲ್ಲಿದೆ, ಮೀನಿನ ಪಕ್ಕ ಇರುವುದು ಹ್ಯಾಮಿಲ್ಟನ್. ಇಬ್ಬರೂ ಒಬ್ಬನೇ ಎಂದು ತಿಳಿಯದೆ ಇಬ್ಬರನ್ನೂ ಬೇರೆ ಬೇರೆಯಾಗಿ ಹೊಗಳಿದವರೂ ಇದ್ದಾರು.

ರೋಹಿತ ಎಂಬ ಹೆಸರು ಮಾತ್ರ ಬುಕಾನನ್ನನಿಗಿಂತ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವೇ ಇದೆ. ಯಾವ ಮೀನು ಹೇಗಿರುತ್ತದೆ, ಯಾವುದಕ್ಕೆ ಯಾವ ಮೇವು, ಗಾಳ ಹೇಗಿರಬೇಕು ಎಂದೆಲ್ಲ ದೊರೆ ಕುಳಿತು ವಿವರಿಸುತ್ತಾನೆ. ಅಲ್ಲಿ ರೋಹಿತವೂ ಇದೆ. ಯುದ್ಧ, ಕಪ್ಪ, ದಂಡಯಾತ್ರೆಗಳ ನಡುವೆ ಗಾಳ ಹಾಕಿ ಕೂರಲು ಪುರುಸೊತ್ತು ಮಾಡಿಕೊಂಡ ದೊರೆಯ ಮೇಲೆ ನನಗೆ ವಿಶೇಷ ಗೌರವ.

ಹಾಗೆಂದು ಗಂಗೆಯ ರೋಹು ತಾನೇ ಈಜಿಕೊಂಡು ಮಾರಿಕಣಿವೆಗೆ ಬಂದದ್ದಲ್ಲ. ಈ ದೊಡ್ಡ ಗೆಂಡೆಗಳು ಹರಿಯುವ ನದಿಯಲ್ಲಿ, ಮಳೆಗಾಲದ ಹೊಸ ನೀರಿನಲ್ಲಿ ಮಾತ್ರ ಮೊಟ್ಟೆಯಿಡುವವು. ನಿಂತ ನೀರಿನಲ್ಲಿ ಸಂಸಾರ ಹೂಡಲು ಒಪ್ಪುತ್ತಿರಲಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಅವನ್ನು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಆಮೇಲೆ ಮರಿಗಳಿಗೆ ಬರವಿಲ್ಲವಾಯಿತು. ಮೀನುಗಾರಿಕೆ ಇಲಾಖೆಯ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ಸಮೇತ ಪ್ರಯಾಣ ಮಾಡಿದ ಮರಿಗಳು ಹೊಸದುರ್ಗ, ಹೊಳಲ್ಕೆರೆಯ ಕೆರೆಗಳಲ್ಲೂ ಇಳಿದವು, ಜೊತೆಗೆ ಅವುಗಳ ಬಂಗಾಳಿ ಹೆಸರುಗಳೂ ಇಳಿದವು. ನಮ್ಮ ನಾಲಿಗೆ ರೋಹುವನ್ನು ‘ರೋವು’ ಮಾಡಿ ಒಳಗೆ ಬಿಟ್ಟುಕೊಂಡಿತು. ಮೃಗಾಲ ಮಾತ್ರ ಕೊಂಚ ಗೊಂದಲ ಎಬ್ಬಿಸುವ ಹೆಸರು. ಆಡುಮಲ್ಲೇಶ್ವರದ ಕಿರು ಮೃಗಾಲಯ ನೋಡಿಬಂದ ಹುಡುಗನೊಬ್ಬ “ಅಲ್ಲಿ ಮೃಗಾಲ ಇರಲೇ ಇಲ್ಲ” ಎಂದು ದೂರಿದರೆ ತಪ್ಪು ಹುಡುಗನದಲ್ಲ.

ಇನ್ನು ಜಿಲೇಬಿ. ಬಾಣಲೆಯ ಜಿಲೇಬಿಗೂ ಈ ಮೀನಿಗೂ ಎಣ್ಣೆಯೊಂದೇ ನಂಟು. ಸುರುಳಿಯಿಲ್ಲ, ಪಾಕವಿಲ್ಲ. ಇದು ಆಫ್ರಿಕಾದ ಮೀನು, ತಿಲಾಪಿಯಾ. 1952ರಲ್ಲಿ ಇಂಡಿಯಾಕ್ಕೆ ತಂದರು. ಬೇಗ ಬೆಳೆಯುತ್ತದೆ, ಏನು ಹಾಕಿದರೂ ತಿನ್ನುತ್ತದೆ, ಯಾವ ನೀರಾದರೂ ಸರಿ ಎಂದು ತಂದದ್ದು. ಅದು ಕೊಟ್ಟ ಮಾತಿಗೆ ಒಂದಿಷ್ಟೂ ತಪ್ಪದೆ ಬೆಳೆದು, ತಿಂದು, ಹರಡಿ, ಕೆರೆಯ ಹಳೆಯ ಒಕ್ಕಲುಗಳನ್ನು ಮೂಲೆಗೊತ್ತಿತು. ತಿಲಾಪಿಯಾ ಎಂಬ ಅಪರಿಚಿತ ಸದ್ದನ್ನು ಕೇಳಿದ ದಕ್ಷಿಣದ ಕಿವಿ, ತನಗೆ ಪರಿಚಯವಿದ್ದ ಅದಕ್ಕೆ ಹತ್ತಿರದ ಸದ್ದನ್ನು ಹುಡುಕಿ ಜಿಲೇಬಿಗೆ ಬಂದು ನಿಂತಿತು ಎಂಬುದು ನನ್ನ ಊಹೆ. ಬಾಯಿಗೆ ಸಿಹಿ ಬಂದರೆ ಬೇಡ ಎನ್ನುವವರಾರು?

ಇದಕ್ಕಿಂತ ರುಚಿಯಾದದ್ದು ತಿಲಾಪಿಯಾ ಎಂಬ ಮೂಲ ಹೆಸರಿನ ಕಥೆ. 1840ರಲ್ಲಿ ಆಂಡ್ರೂ ಸ್ಮಿತ್ ಎಂಬ ಇನ್ನೊಬ್ಬ ಸ್ಕಾಟಿಷ್ ಪ್ರಾಣಿಶಾಸ್ತ್ರಜ್ಞ ಈ ಕುಲಕ್ಕೆ ಆ ಹೆಸರು ಕೊಟ್ಟ. ದಕ್ಷಿಣ ಆಫ್ರಿಕಾದ ತ್ಸ್ವಾನಾ ಭಾಷೆಯ ‘ತ್ಲಾಪಿ’ ಎಂಬ ಪದವನ್ನೇ ಲ್ಯಾಟಿನ್ನಿನ ಹದಕ್ಕೆ ಎಳೆದು ತಿಲಾಪಿಯಾ ಮಾಡಿದ್ದು. ತ್ಲಾಪಿ ಎಂದರೆ ಅವರ ಭಾಷೆಯಲ್ಲಿ ಮೀನು. ಬರೀ ಮೀನು! ಸಾಹೇಬ ಬೊಟ್ಟು ತೋರಿಸಿ “ಇದೇನು?” ಎಂದು ಕೇಳಿರಬೇಕು, ದಡದಲ್ಲಿದ್ದವನು ‘ಇಷ್ಟೂ ಗೊತ್ತಿಲ್ಲವೇ ಪಾಪ’ ಎಂದುಕೊಂಡು “ಮೀನು ಸ್ವಾಮಿ” ಎಂದಿರಬೇಕು. ಹಾಗಾಗಿ ನಾವು ‘ಜಿಲೇಬಿ ಮೀನು’ ಎಂದಾಗಲೆಲ್ಲ ಹೇಳುತ್ತಿರುವುದು ‘ಮೀನು ಮೀನು’ ಎಂದೇ. ಈಚೆಗೆ ದಕ್ಷಿಣ ಅಮೆರಿಕದಿಂದ ಬಂದ, ಹೊಟ್ಟೆ ಕೆಂಪಗಿನ ಪಾಕು ಮೀನಿಗೆ ಪೇಟೆಯವರು ‘ರೂಪ್‌ಚಂದ್’ ಎಂದು ನಾಮಕರಣ ಮಾಡಿದ್ದಾರೆ. ಕೇಳಿದರೆ ಬಟ್ಟೆ ಅಂಗಡಿಯ ಮಾಲೀಕರ ನೆನಪಾಗುತ್ತದೆ.

ಬಂದವರ ಮಾತಾಯಿತು. ಇದ್ದವರ ಹೆಸರು ಹೇಗೆ ಹುಟ್ಟಿತು? ಚೇಳುಮೀನು ಎಂಬುದೊಂದಿದೆ. ಮೀಸೆಯ ಜಾತಿ, ಕಪ್ಪು ಮೈ. ಎದೆಯ ಬದಿಯ ಮುಳ್ಳು ಚುಚ್ಚಿದರೆ ಕೈ ಉರಿದು ರಾತ್ರಿಯೆಲ್ಲ ನಿದ್ದೆಯಿಲ್ಲ. ಆ ಹೆಸರನ್ನು ಇಟ್ಟವನು ಖಂಡಿತ ದಡದಲ್ಲಿ ಕೂತು ಇಟ್ಟಿಲ್ಲ, ಕೆಸರಲ್ಲಿ ಕೈ ಹಾಕಿ, ಚುಚ್ಚಿಸಿಕೊಂಡು, ಚೀರಿಕೊಂಡೇ ಇಟ್ಟಿದ್ದಾನೆ. ಹಾವುಮೀನು ಕೈಯಿಂದ ಜಾರಿದವನು ಇಟ್ಟ ಹೆಸರು. ಕೊರಮೀನು ಎಂಬ ಮಾತು ಅನಂತಪುರದ ಗಡಿಯಾಚೆಗೂ ಸಲ್ಲುವ ನಾಣ್ಯ, ತೆಲುಗರ ಬಾಯಲ್ಲೂ ಅದು ಹೆಚ್ಚುಕಮ್ಮಿ ಅದೇ. ಗಾಳಿಯನ್ನೇ ಉಸಿರಾಡಬಲ್ಲ ಈ ಮೀನು ಕೆರೆ ಬತ್ತುವಾಗಲೂ ಕೆಸರಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಬರ ತಡೆಯುವುದರಲ್ಲಿ ನಮ್ಮ ಜಿಲ್ಲೆಯವರಿಗೆ ಸರಿಸಮ.

ಬಾಳೆಮೀನು ನನ್ನನ್ನು ಬಹಳ ಕಾಲ ಕಾಡಿತ್ತು. ಉದ್ದ ಮೈ, ದೊಡ್ಡ ಬಾಯಿ, ಸಿಕ್ಕಿದ್ದನ್ನೆಲ್ಲ ನುಂಗುವ ಹೊಟ್ಟೆಬಾಕ. ಬಾಳೆಹಣ್ಣಿಗೂ ಇದಕ್ಕೂ ಏನು ಸಂಬಂಧ? ಬೀಗದ ಕೈ ತಮಿಳಿನಲ್ಲಿದೆ. ಅಲ್ಲಿ ಮೀನು ‘ವಾಳೈ’, ಬಾಳೆಗಿಡ ‘ವಾೞೈ’. ಎರಡರ ಅಕ್ಷರವೇ ಬೇರೆ. ವಾಳ್ ಎಂದರೆ ಕತ್ತಿ, ಹಳಗನ್ನಡದಲ್ಲೂ ಬಾಳ್ ಎಂದರೆ ಕತ್ತಿ. ನಮ್ಮ ಬಾಳೆಗಿಡ ಹಳಗನ್ನಡದಲ್ಲಿ ‘ಬಾೞೆ’ ಆಗಿತ್ತು. ಆ ೞಕಾರ ನಮ್ಮ ನಾಲಿಗೆಯಿಂದ ಜಾರಿಹೋದ ಮೇಲೆ ಗಿಡವೂ ಮೀನೂ ಒಂದೇ ಹೆಸರಿನಡಿ ಬಂದವು. ಕತ್ತಿಯ ಅಲಗಿನಂಥ ಆ ಮೈ ನೋಡಿದರೆ ಹೆಸರಿಟ್ಟವನ ಮನಸ್ಸಿನಲ್ಲಿ ಇದ್ದದ್ದು ತೋಟವಲ್ಲ ಎಂದು ಗೊತ್ತಾಗುತ್ತದೆ.

ನೀರಿನಿಂದ ನೆಲಕ್ಕೆ ಹತ್ತಿದರೆ ಹೆಸರಿಡುವವರ ಉದಾರತೆ ಇನ್ನೂ ಹೆಚ್ಚು. ಮುಳ್ಳುಹಂದಿ ಹಂದಿಯಲ್ಲ, ಚಿಪ್ಪುಹಂದಿಯೂ ಅಲ್ಲ. ನೀರುನಾಯಿ ನಾಯಿಯಲ್ಲ. ಕತ್ತೆಕಿರುಬಕ್ಕೆ ಕತ್ತೆಯ ಸಹವಾಸವೇ ಇಲ್ಲ. ಹಿತ್ತಿಲ ಕಲ್ಲುಸಂದಿಯಲ್ಲಿ ಹೊಳೆಯುವ ಮೈ ಬಳುಕಿಸುತ್ತ ಓಡುವ, ಯಾರಿಗೂ ಕೇಡು ಮಾಡದ ಹಲ್ಲಿಯ ಜಾತಿಯದಕ್ಕೆ ‘ಹಾವುರಾಣಿ’ ಎಂದು ಪಟ್ಟ ಕಟ್ಟಿದ್ದೇವೆ. ಯಾವ ಹಾವೂ ಈ ರಾಣಿಗೆ ಕಪ್ಪ ಕೊಟ್ಟದ್ದಿಲ್ಲ, ಬದಲಿಗೆ ಸಿಕ್ಕರೆ ನುಂಗುತ್ತದೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಜಗಳೂರಿನ ರಂಗಯ್ಯನದುರ್ಗದ ಕಾಡು ಕೊಂಡುಕುರಿಗಳ ಹೆಸರಿನಲ್ಲೇ ವನ್ಯಜೀವಿಧಾಮವಾಗಿದೆ. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬಿನದು ಅದೊಂದೇ. ಅಂಥ ವಿಶೇಷದ ಜೀವಿಯನ್ನೂ ನಮ್ಮವರು ತಂದು ನಿಲ್ಲಿಸಿದ್ದು ಕುರಿಯ ಸಾಲಿನಲ್ಲಿ. ಹಟ್ಟಿಯಲ್ಲಿ ಕುರಿ ಕಾಯ್ದವನಿಗೆ ಲೋಕದ ಚತುಷ್ಪಾದಿಗಳೆಲ್ಲ ಕುರಿಯ ಬಂಧುಬಳಗವೇ.

ಹಕ್ಕಿಗಳ ವಿಷಯಕ್ಕೆ ಬಂದರೆ ಹೆಸರಿಡುವ ಕೆಲಸವನ್ನು ಕೆಲವು ತಾವೇ ಮಾಡಿಕೊಂಡಿವೆ. ಕಾಗೆ, ಟಿಟ್ಟಿಭ ಬೆಳಗಿನಿಂದ ಸಂಜೆತನಕ ತಮ್ಮ ಹೆಸರು ತಾವೇ ಕೂಗಿಕೊಂಡು ತಿರುಗುತ್ತವೆ. ಕೆಲವಕ್ಕೆ ಕಸುಬು ಹೆಸರಾಯಿತು, ಮರಕುಟಿಗನಂತೆ. ಕಪ್ಪುಬಿಳುಪಿನ, ಈಗಷ್ಟೇ ಒಗೆದು ಉಟ್ಟಂತಿರುವ ಹಕ್ಕಿ ಮಡಿವಾಳವಾಯಿತು. ಏಳೆಂಟು ಸೇರಿಕೊಂಡು ಒಂದೇ ಸಮ ಗಲಾಟೆ ಮಾಡುವುದು ಹರಟೆಮಲ್ಲ. ಕೆರೆಯಂಚಿನಲ್ಲಿ ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಓಡಾಡುವ ಹಕ್ಕಿಗೆ ಹಳ್ಳಿಯವರು ಕುಂಡೆಕುಸ್ಕ ಎಂದರು. ಕಣ್ಣಿಗೆ ಕಂಡದ್ದನ್ನು ಕಂಡಂತೆ ಹೇಳಿದ್ದಾರೆ. ಮೇಷ್ಟ್ರು ತರಗತಿಯಲ್ಲಿ ಆ ಹೆಸರು ಹೇಳಲಾರದೆ ‘ಅದೇ, ಬಾಲ ಅಲ್ಲಾಡಿಸುತ್ತದಲ್ಲ’ ಎಂದು ಒದ್ದಾಡುತ್ತಾರೆ. ಮಕ್ಕಳಿಗೆ ಆ ಒಂದು ಹೆಸರು ಮಾತ್ರ ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ.

ಇದ್ದ ಹೆಸರನ್ನು ಹೇಳದಿರುವುದೂ ಒಂದು ಪದ್ಧತಿ. ದೀಪ ಹಚ್ಚಿದ ಮೇಲೆ ನಮ್ಮ ಮನೆಗಳಲ್ಲಿ ಹಾವು ಹಾವಲ್ಲ, ‘ಹುಳ’. ಯಾರಿಗಾದರೂ ಕಚ್ಚಿದರೆ ಕಚ್ಚಿತು ಎನ್ನುವುದಿಲ್ಲ, “ಹುಳ ಮುಟ್ತಂತೆ” ಎನ್ನುತ್ತಾರೆ. ಮೈಮೇಲೆ ಏಳುವ ಗುಳ್ಳೆಗೆ ರೋಗವೆನ್ನದೆ ‘ಅಮ್ಮ’ ಎನ್ನುವುದೂ ಹೀಗೆಯೇ. ಕೂಗಿದರೆ ಬಂದುಬಿಟ್ಟೀತೆಂಬ ಭಯ. ಕಣಿವೆಯಲ್ಲಿ ಮಾರಮ್ಮನನ್ನು ಕೂರಿಸಿದವರೂ ಅದೇ ಜನವಲ್ಲವೇ? ಉಪಯೋಗಕ್ಕೆ ಬಂದದ್ದಕ್ಕೆ ಹೆಸರು ಕೊಟ್ಟರು, ಹೆದರಿಸಿದ್ದಕ್ಕೆ ನಂಟಸ್ತಿಕೆ ಕೊಟ್ಟರು.

ಗಿಡಗಳಲ್ಲಿ ನಾವು ನಾಲ್ಕೈದು ಮನೆತನದ ಹೆಸರಿಟ್ಟುಕೊಂಡು ಇಡೀ ಲೋಕವನ್ನೇ ಸುಧಾರಿಸಿದ್ದೇವೆ. ತುಳಸಿಯಂತೆಯೇ ಇದ್ದು ಪೂಜೆಗೆ ಬಾರದ್ದು ನಾಯಿತುಳಸಿ. ಎಳ್ಳಿನ ಬಳಗದಂತೆ ಕಂಡು ಎಳ್ಳಲ್ಲದ್ದು ಹುಚ್ಚೆಳ್ಳು. ಹಳದಿ ಹೂ ಬಿಟ್ಟು ನಿಂತ ಆ ಹೊಲ ನೋಡಿದರೆ ಹುಚ್ಚು ನೋಡಿದವನಿಗೇ ಹಿಡಿಯಬೇಕು. ಹೊರಗಿನಿಂದ ಬಂದದ್ದಕ್ಕೆ ‘ಸೀಮೆ’: ಸೀಮೆಹುಣಸೆ, ಸೀಮೆಬದನೆ. ಯಾವ ಸೀಮೆ ಎಂದು ಕೇಳಬೇಡಿ, ನಮ್ಮದಲ್ಲದ ಸೀಮೆ ಅಷ್ಟೆ. ಬೇಲಿಯಿಂದ ಹೊರಟು ಹೊಲ, ಕೆರೆಯಂಗಳ, ಗೋಮಾಳ ಎಲ್ಲ ನುಂಗಿದ ಜಾಲಿಯೊಂದು ಮಧ್ಯ ಅಮೆರಿಕದ ಕಡೆಯಿಂದ ಬಂತು. ನಾವು ಅದಕ್ಕೆ ‘ಬಳ್ಳಾರಿ ಜಾಲಿ’ ಎಂದು ಹೆಸರಿಟ್ಟು ತಪ್ಪನ್ನು ಪಕ್ಕದ ಜಿಲ್ಲೆಯ ತಲೆಗೆ ಕಟ್ಟಿ ಕೈತೊಳೆದುಕೊಂಡೆವು. ತೆಲುಗರು ಇನ್ನೂ ಚತುರರು, ‘ಸರ್ಕಾರು ತುಮ್ಮ’ ಎಂದರು. ಅಮೆರಿಕದ್ದೇ ಆದ ಇನ್ನೊಂದು ಕಳೆ 1950ರ ದಶಕದಲ್ಲಿ ಕಾಣಿಸಿಕೊಂಡು ಊರೂರಿಗೆ ಹರಡಿದಾಗ, ಅದರ ತಲೆಯ ತುಂಬ ಇರುವ ಬಿಳಿ ಹೂವನ್ನು ಬಿಳಿ ಟೋಪಿಗೆ ಹೋಲಿಸಿ ‘ಕಾಂಗ್ರೆಸ್ ಗಿಡ’ ಎಂದರೆಂದು ಹೇಳುವವರುಂಟು. ಬೇರೆ ಪಕ್ಷಗಳವರು ಇದರಿಂದ ಹಿಗ್ಗಬೇಕಾಗಿಲ್ಲ. ಕಳೆಗಳು ಇನ್ನೂ ಬರುತ್ತಲೇ ಇವೆ.

ಎಲ್ಲ ವಿದೇಶಿಯರಿಗೂ ಇಂಥ ಗತಿಯಾಗಲಿಲ್ಲ. ದುರ್ಗದ ಗುಡ್ಡಗಳಲ್ಲಿ ಯಾರೂ ನೆಡದೆ ಬೆಳೆಯುವ ಸೀತಾಫಲವೂ ಅಮೆರಿಕದ ಕಡೆಯದೇ. ಸಿಹಿಯಾಗಿತ್ತು, ಸೀತಮ್ಮನ ಹೆಸರು ಸಿಕ್ಕಿತು. ಅದರ ದಾಯಾದಿ ರಾಮಫಲವಾಯಿತು. ತಿನ್ನಲು ಬಂದರೆ ರಾಮಾಯಣ, ಬಾರದಿದ್ದರೆ ರಾಜಕೀಯ. ನಾವು ಮಾತ್ರ ಹೀಗೆ ಎಂದಲ್ಲ. ಹುಣಸೆ ಹುಟ್ಟಿದ್ದು ಆಫ್ರಿಕಾದಲ್ಲಿ. ನಮ್ಮಲ್ಲಿಂದ ಕೊಂಡೊಯ್ದ ಅರಬರು ಅದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು. ಲಿನೇಯಸ್ ಅದನ್ನೇ ‘ಟ್ಯಾಮರಿಂಡಸ್ ಇಂಡಿಕಾ’ ಮಾಡಿದ. ಖರ್ಜೂರವೂ ಅಲ್ಲ, ಮೂಲದಲ್ಲಿ ಹಿಂದೂಸ್ತಾನದ್ದೂ ಅಲ್ಲ. ಹೊಳಲ್ಕೆರೆಯ ತೋಟಗಳ ಅಡಕೆಗೆ ಮಾತ್ರ ನ್ಯಾಯ ಸಿಕ್ಕಿತು. ನಮ್ಮ ಅಡಕೆ, ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಲ್ಲಿ ‘ಅರೇಕ’ ಆಗಿ, 1753ರಲ್ಲಿ ‘ಅರೇಕ ಕ್ಯಾಟೆಚು’ ಎಂದು ಶಾಸ್ತ್ರದ ಪಟ್ಟಿಗೆ ಸೇರಿತು. ಎಲೆ ಅಡಕೆ ಜಗಿಯುತ್ತ ಕೂತ ನಮ್ಮ ಹಿರಿಯರಿಗೆ ತಾವು ಲ್ಯಾಟಿನ್ ಜಗಿಯುತ್ತಿದ್ದೇವೆಂದು ತಿಳಿದೇ ಇರಲಿಲ್ಲ.

ಕಲ್ಲಿಗೂ ಇದೇ ನ್ಯಾಯ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೊಂದಿದೆ. ನೂರಾರು ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ತಟ್ಟನೆ ತಣಿದು ಉಂಡೆ ಉಂಡೆಯಾಗಿ ಒಂದರ ಮೇಲೊಂದು ಒರಗಿ ಗಟ್ಟಿಯಾದ ಬಂಡೆ. ಇಷ್ಟೊಂದು ಭಯಂಕರ ಚರಿತ್ರೆಯ ಕಲ್ಲಿಗೆ ಭೂವಿಜ್ಞಾನಿಗಳು ಏನು ಹೆಸರಿಟ್ಟರು? ದಿಂಬು! ‘ಪಿಲ್ಲೋ ಲಾವಾ’. ಕಾಲೇಜಿನಲ್ಲಿ ಎಷ್ಟೇ ಓದಿದರೂ ಹೆಸರಿಡುವ ಹೊತ್ತಿಗೆ ಮನುಷ್ಯನಿಗೆ ನೆನಪಾಗುವುದು ಮನೆಯ ಹಾಸಿಗೆಯೇ. ಕೋಟೆಯ ಬಂಡೆಗಳಲ್ಲಿ ಆನೆ, ಕಪ್ಪೆ ತೋರಿಸುವ ಗೈಡನ್ನು ನೋಡಿ ನಗುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹೆಸರು ಬರೀ ಹೆಸರಾಗಿ ಉಳಿಯುವುದಿಲ್ಲ ಎಂಬುದೂ ನಿಜ. ನಮ್ಮ ಒಣನೆಲದ ಮಣ್ಣುಮುಕ್ಕ ಹಾವಿಗೆ ಬಾಲದ ತುದಿ ಮೊಂಡು, ತಲೆಯಂತೆಯೇ ಕಾಣುತ್ತದೆ. ಯಾರೋ ಅದನ್ನು ‘ಎರಡು ತಲೆ ಹಾವು’ ಎಂದರು. ಎರಡು ತಲೆಯಿದ್ದ ಮೇಲೆ ಮಹಿಮೆ ಇಲ್ಲದಿದ್ದೀತೆ, ನಿಧಿ ತೋರಿಸದಿದ್ದೀತೆ? ಮಣ್ಣು ಕೆದಕಿ ಇಲಿ ಹಿಡಿದುಕೊಂಡಿದ್ದ ಬಡಪಾಯಿಗೆ ಲಕ್ಷದ ಬೆಲೆ ಕಟ್ಟಿ, ಚೀಲದಲ್ಲಿ ತುಂಬಿ ಸಾಗಿಸುವ ಖದೀಮರು ಹುಟ್ಟಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಮಣ್ಣುಮುಕ್ಕ ಎಂಬ ಹೆಸರೊಂದೇ ಉಳಿದಿದ್ದರೆ ಯಾರೂ ಅದರ ಗೋಜಿಗೆ ಹೋಗುತ್ತಿರಲಿಲ್ಲ.

ಅದಕ್ಕಿಂತ ಮೆಲ್ಲಗೆ, ಯಾರಿಗೂ ತಿಳಿಯದಂತೆ ನಡೆಯುತ್ತಿರುವ ನಷ್ಟ ಇನ್ನೊಂದಿದೆ. ಕೆರೆಗಳು ಟೆಂಡರಿಗೆ ಹೋಗಿ, ಬಿಟ್ಟ ಮರಿ ಕಾಟ್ಲ ರೋಹುಗಳೇ ಆದ ಮೇಲೆ ತಕ್ಕಡಿಗೆ ಬೇಕಾದ ಹೆಸರು ಮೂರು ನಾಲ್ಕು ಮಾತ್ರ. ಬಲೆಯಲ್ಲಿ ಜೊತೆಗೆ ಬಂದ ಪುಡಿಮೀನುಗಳನ್ನು ಒಂದು ಬುಟ್ಟಿಗೆ ಸುರಿದು ‘ಸಣ್ಣ ಮೀನು’ ಎಂದು ಮಾರುತ್ತಾರೆ. ಅದರಲ್ಲಿ ಹತ್ತಾರು ಜಾತಿ ಇರುತ್ತದೆ. ಹಿಂದೆ ಒಂದೊಂದಕ್ಕೂ ಹೆಸರಿತ್ತು, ಯಾವುದು ಮೊದಲ ಮಳೆಗೆ ಹತ್ತಿ ಬರುತ್ತದೆ, ಯಾವುದು ಬಾಣಂತಿಗೆ ಆಗುತ್ತದೆ, ಯಾವುದರ ಮುಳ್ಳು ಗಂಟಲಿಗೆ ಸಿಕ್ಕುತ್ತದೆ ಎಂಬ ತಿಳಿವಳಿಕೆ ಆ ಹೆಸರಿನೊಳಗೇ ಇತ್ತು. ಬೆಲೆಯಿಲ್ಲದ್ದಕ್ಕೆ ಹೆಸರು ಯಾಕೆ ಎಂದು ಪೇಟೆ ಕೇಳುತ್ತದೆ. ಹೆಸರು ಹೋದದ್ದು ಕೆರೆಯಿಂದಲೇ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ, ಏಕೆಂದರೆ ಏನು ಹೋಯಿತು ಎಂದು ಹೇಳಲು ಪದವೇ ಇರುವುದಿಲ್ಲ. ಬುಕಾನನ್ ಗಂಗೆಯ ದಡದಲ್ಲಿ ಕೇಳಿ ಬರೆದುಕೊಂಡದ್ದರಿಂದ ಬಂಗಾಳದ ಬೆಸ್ತರ ಮಾತು ಉಳಿಯಿತು. ವೇದಾವತಿಯ ದಡದವರ ಮಾತು ಇನ್ನೂ ಅವರ ಬಾಯಲ್ಲೇ ಇದೆ, ಅದೂ ತಲೆ ನರೆತವರ ಬಾಯಲ್ಲಿ.

ಆದ್ದರಿಂದ ಓದುಗರಲ್ಲಿ ಒಂದೇ ಅರಿಕೆ. ಮುಂದಿನ ಸಲ ಸಂತೆಯಲ್ಲಿ ಮೀನಿನ ಮುಂದೆ ನಿಂತಾಗ ಬೆಲೆ ಕೇಳುವ ಮೊದಲು ಹೆಸರು ಕೇಳಿ. ನೀವು ಮೀನು ತಿನ್ನುವವರಲ್ಲದಿದ್ದರೂ ಕೇಳಿ, ಹೆಸರಿಗೆ ಮುಳ್ಳಿಲ್ಲ. ‘ಸಣ್ಣ ಮೀನು ಕಣಣ್ಣ’ ಎಂದರೆ ಅಷ್ಟಕ್ಕೇ ಬಿಡಬೇಡಿ. ‘ನಿಮ್ಮಜ್ಜ ಇದಕ್ಕೆ ಏನಂತಿದ್ರು?’ ಎಂದು ಇನ್ನೊಂದು ಪ್ರಶ್ನೆ ಹಾಕಿ, ಬಂದ ಉತ್ತರವನ್ನು ಯಾವ ಕೆರೆ, ಯಾವ ತಿಂಗಳು ಎಂಬುದರ ಜೊತೆಗೆ ಬರೆದಿಟ್ಟುಕೊಳ್ಳಿ. ಬೆಲೆಯಲ್ಲಿ ಬೇಕಾದಷ್ಟು ಚೌಕಾಸಿ ಮಾಡಿ, ಹೆಸರಿನಲ್ಲಿ ಮಾತ್ರ ಬೇಡ.